ಎರಡು ಡಬ್ಬ ನೀಲಿ

ಒಂದು ಲೀಟರಿನ ಖಾಲಿ ಬಾಟಲಿಯನ್ನು ತೊರೆಯ ನೀರಿನಲ್ಲಿ ಎಷ್ಟು ಗಂಟೆಗೆ ಮುಳುಗಿಸಬೇಕು ಎಂಬ ಗಹನವಾದ ಪ್ರಶ್ನೆಯನ್ನು ಇತ್ಯರ್ಥಪಡಿಸಲು ಸೇತುವೆಯ ಮೇಲೆ ಮೂವರು ಸೇರಿದ್ದರು: ಪರಿಸರ ಇಲಾಖೆಯ ಇನ್‌ಸ್ಪೆಕ್ಟರು, ಈ ದಡದಲ್ಲಿ ನೂಲಿಗೆ ಕೆಂಪು ಬಣ್ಣ ಹಾಕಿಸುವ ಅಕ್ಕ, ಆ ದಡದಲ್ಲಿ ನೀಲಿ ಹಾಕಿಸುವ ಅವಳ ತಮ್ಮ. ಅರ್ಧ ಗಂಟೆ ಚರ್ಚೆಯಾಗಿ ಸೋಮವಾರ ಬೆಳಿಗ್ಗೆ ಎಂಟು ಎಂದು ತೀರ್ಮಾನವಾಯಿತು.

ಉಳಿದದ್ದನ್ನು ಇನ್‌ಸ್ಪೆಕ್ಟರು ಒಂದೇ ಉಸಿರಿಗೆ ಮುಗಿಸಿದರು. "ಹೊಸ ಪ್ರೋತ್ಸಾಹ ಯೋಜನೆ. ಬಾಟಲಿಯ ನೀರು ತಿಳಿಯಾಗಿದ್ರೆ ಇಬ್ಬರಿಗೂ ಒಂದು ವರ್ಷ ಪರವಾನಗಿ. ಕೆಂಪು ಕಂಡ್ರೆ ಅಕ್ಕನವರ ಕಾರ್ಖಾನೆ ಬಂದ್, ತಮ್ಮನವರಿಗೆ ಹತ್ತು ವರ್ಷ ಪರವಾನಗಿ. ನೀಲಿ ಕಂಡ್ರೆ ಉಲ್ಟಾ."

"ಎರಡೂ ಕಂಡ್ರೆ?" ಎಂದ ತಮ್ಮ.

"ಇಬ್ಬರದೂ ಬಂದ್."

"ನಾವು ಒಂದೇ ತಟ್ಟೇಲಿ ಉಂಡೋರು ಸಾರ್" ಎಂದಳು ಅಕ್ಕ. ಇನ್‌ಸ್ಪೆಕ್ಟರು ಅದನ್ನು ಬರೆದುಕೊಳ್ಳಲಿಲ್ಲ.

ಮೂರು ವರ್ಷದಿಂದ ಇಬ್ಬರೂ ಬಣ್ಣದ ನೀರನ್ನು ತೊಟ್ಟಿಯಲ್ಲಿ ತಂಗಿಸಿ, ಸುಣ್ಣ ಹಾಕಿ, ತಿಳಿಯಾದ ಮೇಲೆಯೇ ತೊರೆಗೆ ಬಿಡುತ್ತಿದ್ದರು. ಆಗ ಯಾರೂ ಪ್ರೋತ್ಸಾಹ ಕೊಟ್ಟಿರಲಿಲ್ಲ.

ಅಕ್ಕನ ಮನೆಯಲ್ಲಿ, ಅರ್ಥಶಾಸ್ತ್ರ ಓದುತ್ತಿದ್ದ ಮಗಳು ಹಳೇ ಕ್ಯಾಲೆಂಡರಿನ ಬೆನ್ನಿಗೆ ನಾಲ್ಕು ಚೌಕ ಎಳೆದಳು. "ನೋಡಮ್ಮ, ಮಾವ ತೊರೆಗೆ ಕೆಂಪು ಸುರಿದ್ರೆ ನೀನು ಮುಳುಗಿದೆ. ನೀನು ನೀಲಿ ಸುರಿದ್ರೆ ಮಾವ ಮುಳುಗಿದ್ರು. ಇದಕ್ಕೆ ನಮ್ಮ ಪಾಠದಲ್ಲಿ ಆಟ ಅಂತಾರೆ."

"ಇಪ್ಪತ್ತೆರಡು ಜನರ ಅನ್ನ ಕಣೇ, ಆಟವಂತೆ ಆಟ. ನಿಮ್ಮ ಮಾವ ಅಂಥವನಲ್ಲ."

"ಅಲ್ಲ, ಸರಿ. ನೀನು ಅಂಥವಳಲ್ಲ ಅಂತ ಅವರಿಗೆ ಗ್ಯಾರಂಟಿ ಇದೆಯಾ?"

ಅಕ್ಕ ಚೌಕಗಳ ಮೇಲೆ ಸಾರಿನ ಪಾತ್ರೆ ಇಟ್ಟಳು. ಆದರೆ ಮರುದಿನ, ಬೇರೇನೋ ನೆಪ ಮಾಡಿಕೊಂಡು, ಬಣ್ಣದ ಪುಡಿ ಮಾರುವ ಅಂಗಡಿಗೆ ಹೋದಳು.

"ನಮ್ಮ ತಮ್ಮ ಬಂದಿದ್ನಾ?"

"ಬಂದಿದ್ರಲ್ಲ. ಅಕ್ಕ ನೀಲಿ ಏನಾದ್ರೂ ತಗೊಂಡ್ರಾ ಅಂದ್ರು. ಇಲ್ಲ ಅಂದೆ. ಪಾಪ, ನಂಬಲಿಲ್ಲ. ಸುಮ್ನೆ ಇರ್ಲಿ ಅಂತ ಎರಡು ಡಬ್ಬ ಕೆಂಪು ಒಯ್ದ್ರು."

ಅಕ್ಕ ಪರ್ಸು ತೆಗೆದಳು. "ನನಗೂ ಎರಡು ನೀಲಿ ಕೊಡಿ. ಸುಮ್ನೆ ಇರ್ಲಿ."

ಅಂಗಡಿಯವನಿಗೆ ವರ್ಷವಿಡೀ ಅಷ್ಟು ಒಳ್ಳೆಯ ವಾರ ಸಿಕ್ಕಿರಲಿಲ್ಲ.

ಸೋಮವಾರ ಏಳೂವರೆಗೆ ಅವಳು ತೊರೆಯ ಹತ್ತಿರ ಹೋದದ್ದು ಬರೀ ನೋಡಿಕೊಂಡು ಬರಲು. ಡಬ್ಬಗಳನ್ನು ಯಾಕೆ ಹಿಡಿದಿದ್ದಳೆಂದು ಕೇಳಿದ್ದರೆ ಉತ್ತರ ಕೊಡುವುದು ಕಷ್ಟವಿತ್ತು. ಕೇಳುವವನು ಎದುರು ದಡದಲ್ಲೇ ನಿಂತಿದ್ದ. ಅವನ ಕೈಯಲ್ಲೂ ಎರಡು.

"ಏನಕ್ಕಾ, ಇಷ್ಟು ಬೇಗ?"

"ವಾಕಿಂಗು. ನೀನು?"

"ನಂದೂ ಅದೇ."

ನಡುವೆ ಹತ್ತು ಮಾರು ನೀರು, ತಳದ ಕಲ್ಲು ಎಣಿಸುವಷ್ಟು ತಿಳಿ.

"ಹೋಗೋ ಮನೆಗೆ" ಎಂದಳು.

"ನೀನು ದೊಡ್ಡೋಳು, ಮೊದಲು ಹೊರಡು."

"ನಾನು ಬೆನ್ನು ತಿರುಗಿಸ್ಬೇಕು, ನೀನು ನೋಡ್ತಾ ನಿಂತಿರ್ಬೇಕು, ಅಲ್ವಾ?"

ಅವನು ನಕ್ಕ. ಅವಳೂ ನಕ್ಕಳು. ಕೊನೆಗೆ, ಚಿಕ್ಕಂದಿನಲ್ಲಿ ನೀರಿಗೆ ಹಾರುವಾಗ ಮಾಡುತ್ತಿದ್ದಂತೆ, ಒಂದು ಎರಡು ಮೂರು ಎಂದು ಒಟ್ಟಿಗೆ ಎಣಿಸಿ ಒಟ್ಟಿಗೆ ತಿರುಗುವುದೆಂದಾಯಿತು. ತಿರುಗಿದರು. ಅವಳು ನಾಲ್ಕು ಹೆಜ್ಜೆ ಇಟ್ಟಳು. ಹಿಂದೆ ಮುಚ್ಚಳ ತೆಗೆದ ಸದ್ದು. ನಿಜಕ್ಕೂ ಕೇಳಿಸಿತೋ, ಕಿವಿಗೊಟ್ಟು ಕಾದದ್ದಕ್ಕೆ ಕೇಳಿಸಿದಂತಾಯಿತೋ, ತಿಳಿಯುವ ಮೊದಲೇ ಅವಳ ಬೆರಳು ಮುಚ್ಚಳದ ಅಂಚಿನಲ್ಲಿತ್ತು. ಓಡಿಬಂದು ನೀರಿನ ಮೇಲೆ ಬಗ್ಗಿದಾಗ, ಎದುರಿಗೆ ಅವನೂ ಬಗ್ಗಿದ್ದ. ಯಾರು ಮೊದಲು ತಿರುಗಿದ್ದೆಂದು ಇಬ್ಬರೂ ಕೇಳಲಿಲ್ಲ.

ಎಂಟು ಗಂಟೆಗೆ ಸೇತುವೆಯ ಕೆಳಗೆ ನೀರು ನೇರಳೆಯಾಗಿತ್ತು. ಹತ್ತಕ್ಕೆ ಎರಡು ಕಾರ್ಖಾನೆಗಳೂ ಮುಚ್ಚಿದವು. ಅವಳ ಕಡೆಯ ಇಪ್ಪತ್ತೆರಡು, ಅವನ ಕಡೆಯ ಹತ್ತೊಂಬತ್ತು, ಒಟ್ಟು ನಲವತ್ತೊಂದು ಜನರಿಗೆ ಕೆಲಸ ಹೋಯಿತು.