ಖಾಲಿ ಸೊಂಟದ ಕಾವಲು

ಸೊಂಟಕ್ಕೆ ಕೈ ಹೋಯಿತು. ಸೊಂಟ ಇತ್ತು, ಪಿಸ್ತೂಲು ಇರಲಿಲ್ಲ.

ಲಿಫ್ಟು ಮೂರನೇ ಮಹಡಿಯಿಂದ ಇಳಿಯುತ್ತಿತ್ತು. ಒಳಗಿದ್ದವರು ಮೂವರು: ಸಚಿವರು, ಅವರ ಆಪ್ತ ಕಾರ್ಯದರ್ಶಿ ಮೇಡಂ, ಮತ್ತು ಆರು ವರ್ಷದಿಂದ ಸಚಿವರ ಎಡಕ್ಕೆ, ಒಂದೂವರೆ ಹೆಜ್ಜೆ ಹಿಂದಕ್ಕೆ ನಿಂತೇ ಇರುವ ಅಂಗರಕ್ಷಕ. ನಿಲ್ಲುವುದರಲ್ಲಿ ಅವನನ್ನು ಮೀರಿಸುವವರಿಲ್ಲ ಎಂದು ಭದ್ರತಾ ದಳದವರು ಅವನಿಗೆ ಕಂಬ ಎಂದು ಹೆಸರಿಟ್ಟಿದ್ದರು. ಕಂಬ ಇನ್ನೊಮ್ಮೆ ಮುಟ್ಟಿ ನೋಡಿಕೊಂಡ. ಕೋಟಿನಡಿ ತೊಗಲಿನ ಪೌಚು ಬಾಯಿ ತೆರೆದು ಆಕಳಿಸುತ್ತಿತ್ತು.

ಎಲ್ಲಿ ಬಿಟ್ಟೆ ಎಂದು ಯೋಚಿಸಬೇಕಾದ ಅಗತ್ಯವೇ ಇರಲಿಲ್ಲ. ಅದು ಕಣ್ಣಿಗೆ ಕಟ್ಟಿದಂತಿತ್ತು: ಮೂರನೇ ಮಹಡಿಯ ಶೌಚಾಲಯ, ಕಾಗದದ ಸುರುಳಿ ಇಡುವ ಗಾಜಿನ ಹಲಗೆ, ಅದರ ಮೇಲೆ ಕರ್ರಗೆ ಅವನ ಪಿಸ್ತೂಲು.

ಸಚಿವರು ಯಾವ ಶೌಚಾಲಯಕ್ಕೆ ಹೋಗುವ ಮುಂಚೆಯೂ ಅಂಗರಕ್ಷಕ ಒಳಗೆ ಹೋಗಿ ನೋಡಿಬರಬೇಕು. ಕಿಟಕಿ, ಕಸದ ಬುಟ್ಟಿ, ಬಾಗಿಲ ಹಿಂದೆ, ಫ್ಲಶ್ ಟ್ಯಾಂಕಿನ ಮುಚ್ಚಳದಡಿ. ಇದಕ್ಕೆ ತಪಾಸಣೆ ಎಂದು ಹೆಸರು. ನಲವತ್ತು ಸೆಕೆಂಡಿನ ಕೆಲಸ. ಆದರೆ ಬೆಳಗ್ಗೆ ಏಳರಿಂದ ಸಂಜೆ ಆರರವರೆಗೆ ಇನ್ನೊಬ್ಬರ ಬೆನ್ನಿಗಂಟಿಕೊಂಡವನಿಗೆ ತನ್ನದು ಅಂತ ಐದು ನಿಮಿಷ ಸಿಗುವುದಿದ್ದರೆ ಈ ತಪಾಸಣೆಯಲ್ಲೇ. ಇಡೀ ದಳಕ್ಕೆ ಗೊತ್ತಿದ್ದ, ಯಾರೂ ಬಾಯಿ ಬಿಡದ ಗುಟ್ಟು ಅದು. ಕೂತಾಗ ಪಿಸ್ತೂಲನ್ನು ಎಲ್ಲಿಡಬೇಕು ಎಂಬುದಕ್ಕೂ ಪಾಠ ಉಂಟು: ಇಳಿಸಿದ ಪ್ಯಾಂಟಿನ ಮಡಿಲಲ್ಲಿ, ಎರಡು ಪಾದಗಳ ನಡುವೆ. ಏಳುವಾಗ ಅದನ್ನು ಮರೆಯುವುದು ಸಾಧ್ಯವೇ ಇಲ್ಲ. ಕಂಬ ಈ ಪಾಠವನ್ನು ಹೊಸಬರಿಗೆ ಸ್ವತಃ ಹೇಳಿಕೊಟ್ಟಿದ್ದ. ಇವತ್ತು ನೆಲ ಒದ್ದೆ ಇತ್ತು, ಪ್ಯಾಂಟು ಇಸ್ತ್ರಿ ಮಾಡಿದ್ದಾಗಿತ್ತು, ಅದಕ್ಕೇ ಹಲಗೆ. ಅಷ್ಟರಲ್ಲಿ ಹೊರಗಿನಿಂದ ಸಚಿವರು, "ಏನಪ್ಪಾ, ಬಾಂಬ್ ಸಿಕ್ತಾ? ಇಲ್ಲ ನೀನೇ ತಯಾರು ಮಾಡ್ತಿದ್ದೀಯಾ?" ಎಂದು ಬಾಗಿಲು ತಟ್ಟಿದ್ದರು. ಅವಸರಕ್ಕೆ ಬೆಲ್ಟು ಬಿಗಿದುಕೊಂಡು ಹೊರಬಂದಿದ್ದ.

ಲಿಫ್ಟು ನೆಲಮಹಡಿಗೆ ಬಂದು ನಿಂತಿತು.

"ಸಾರ್, ವೈರ್‌ಲೆಸ್ ಬ್ಯಾಟರಿ ಮೇಲೆ ಬಿಟ್ಟೆ. ಎರಡೇ ನಿಮಿಷ."

"ಹೋಗಪ್ಪಾ, ಹೋಗು," ಎಂದರು ಸಚಿವರು, ಬಹಳ ಅಕ್ಕರೆಯಿಂದ. "ಬಿಟ್ಟದ್ದೆಲ್ಲಾ ತಗೊಂಡು ಬಾ."

ಕಂಬ ಮೆಟ್ಟಿಲುಗಳನ್ನು ಎರಡೆರಡು ಹಾರಿದ. ಹಲಗೆಯ ಮೇಲೆ ಕಾಗದದ ಸುರುಳಿ ಇತ್ತು. ಇನ್ನೇನೂ ಇರಲಿಲ್ಲ. ಕಸದ ಬುಟ್ಟಿಗೆ ಕೈ ಹಾಕಿದ, ಟ್ಯಾಂಕಿನ ಮುಚ್ಚಳ ಎತ್ತಿದ, ಕಮೋಡಿನ ಹಿಂದೆ ಮೂಗು ತೂರಿಸಿದ. ಆರು ವರ್ಷದಲ್ಲಿ ಅವನು ಮಾಡಿದ ಮೊದಲ ನಿಜವಾದ ತಪಾಸಣೆ ಅದು. ಬಾಗಿಲ ಹೊರಗೆ ಸ್ಟೂಲಿನ ಮೇಲೆ ಕೂತಿದ್ದ ಸ್ವಚ್ಛತೆಯ ಅಕ್ಕ ಒರೆಸುವ ಕೋಲಿಗೆ ಗಲ್ಲ ಊರಿ ಇದನ್ನೆಲ್ಲಾ ನೋಡುತ್ತಿದ್ದಳು.

"ಅಕ್ಕಾ, ನಾವು ಹೋದ್ಮೇಲೆ ಒಳಗೆ ಯಾರು ಬಂದಿದ್ರು?"

"ನೀನು ಬಂದೆ. ಆಮೇಲೆ ಯಜಮಾನ್ರು. ಆಮೇಲೆ ಮತ್ತೆ ನೀನು. ನೊಣ ಕೂಡ ಬಂದಿಲ್ಲ. ಯಾಕೆ, ಹೊಟ್ಟೆ ಸರಿ ಇಲ್ವಾ?"

ಕಂಬ ಗೋಡೆಗೆ ಒರಗಿದ. ಯಜಮಾನ್ರು! ಪಿಸ್ತೂಲು ಸಚಿವರ ಹತ್ತಿರ ಇದೆ. ಇರಲೇಬೇಕು. ಆದರೆ ತನ್ನ ಜೀವ ಕಾಯುವವನ ಪಿಸ್ತೂಲು ಸಿಕ್ಕಮೇಲೆ ಯಾವ ಮನುಷ್ಯ ಸುಮ್ಮನೆ ಲಿಫ್ಟಿನಲ್ಲಿ ಸಿಳ್ಳೆ ಹಾಕುತ್ತಾ ನಿಂತಿರುತ್ತಾನೆ?

ಈ ಪ್ರಶ್ನೆಗಿಂತ ದೊಡ್ಡದು ಗಡಿಯಾರದ್ದು. ದಿನಾ ಸಂಜೆ ಆರಕ್ಕೆ ಆಯುಧವನ್ನು ಶಸ್ತ್ರಾಗಾರದ ಕಿಟಕಿಯಲ್ಲಿ ಒಪ್ಪಿಸಬೇಕು. ಅಲ್ಲಿನ ಮುದುಕ ಕನ್ನಡಕ ಹಣೆಗೇರಿಸಿ ನಂಬರು ಓದುತ್ತಾನೆ, ಗುಂಡು ಎಣಿಸುತ್ತಾನೆ, ಆಮೇಲೇ ಮನೆಗೆ ಬಿಡುವುದು. ಹೋದ ವರ್ಷ ಒಬ್ಬ ಒಂದೇ ಒಂದು ಗುಂಡು ಕಳೆದುಕೊಂಡ. ಈಗ ಅವನು ಊರಾಚೆ ಹಳೇ ಕಡತಗಳ ಗೋದಾಮು ಕಾಯುತ್ತಾನೆ. ಇಲಿಗಳ ಅಂಗರಕ್ಷಕ ಎಂದು ಅವನನ್ನು ಎಲ್ಲರೂ ಗೇಲಿ ಮಾಡುತ್ತಾರೆ. ತಿಂಗಳೊಳಗೆ ಅವನ ಕ್ವಾರ್ಟರ್ಸು ಖಾಲಿ ಮಾಡಿಸಿದ್ದರು. ಒಂದು ಗುಂಡಿಗೆ ಅಷ್ಟಾದರೆ, ಗುಂಡುಗಳ ಸಮೇತ ಪಿಸ್ತೂಲಿಗೆ?

ಖಾಲಿ ಪೌಚು ಕೋಟಿನಡಿ ಚಪ್ಪಟೆಯಾಗಿ ಕಾಣುತ್ತಿತ್ತು. ಅದೇ ಮಹಡಿಯಲ್ಲಿದ್ದ ಕಾರ್ಯದರ್ಶಿ ಮೇಡಂ ಮೇಜಿನ ಮೇಲೆ ಒಂದು ಸ್ಟೇಪ್ಲರ್ ಇತ್ತು, ದಪ್ಪ ಕಡತಗಳಿಗೆ ಹೊಡೆಯುವಂಥದ್ದು, ಕಬ್ಬಿಣದ್ದು. ಕಂಬ ಅತ್ತಿತ್ತ ನೋಡಿದ. ಅಳತೆ ಮಾಡಿಸಿದ ಹಾಗೆ ಪೌಚಿನಲ್ಲಿ ಕೂತಿತು.

ಕಾರಿನಲ್ಲಿ ಅವನು ಮುಂದಿನ ಸೀಟು, ಸಚಿವರು ಮತ್ತು ಮೇಡಂ ಹಿಂದೆ. ಡ್ರೈವರು ಹಳೆಯ ಹುಲಿ; ಕನ್ನಡಿಯಲ್ಲಿ ಹಿಂದಿನವರ ಮುಖ, ಓರೆಗಣ್ಣಲ್ಲಿ ಪಕ್ಕದವನ ಮುಖ ಒಟ್ಟಿಗೆ ಓದಬಲ್ಲವನು.

"ಏನ್ ಗುರೂ, ಕಂಬಕ್ಕೆ ಬೆವರು?"

"ಸೆಕೆ."

"ಎ.ಸಿ. ಹಾಕಿದ್ದೀನಿ ಕಣೋ."

ಕಂಬ ಗಂಟಲು ಸರಿಮಾಡಿಕೊಂಡು ಅರ್ಧ ತಿರುಗಿದ. "ಸಾರ್, ಮೂರನೇ ಮಹಡಿ ಬಾತ್‌ರೂಮಲ್ಲಿ... ಎಲ್ಲಾ ಸರಿ ಇತ್ತಾ ಸಾರ್?"

ಸಚಿವರು ಹುಬ್ಬು ಗಂಟಿಕ್ಕಿ ಗಂಭೀರವಾಗಿ ಯೋಚಿಸಿದರು. "ಕಾಗದ ಮುಗೀತಾ ಬಂದಿತ್ತು. ನಲ್ಲಿ ಸ್ವಲ್ಪ ಸೋರ್ತಿತ್ತು. ಯಾಕೆ?"

"ಬೇರೆ ಏನಾದ್ರೂ... ಇರಬಾರದ್ದು?"

"ಇರಬಾರದ್ದು ಇದ್ದಿದ್ರೆ ನಿನ್ನ ಕಣ್ಣಿಗೆ ಬೀಳ್ತಿರಲಿಲ್ವಾ? ಆರು ನಿಮಿಷ ತಪಾಸಣೆ ಮಾಡಿದ್ದೀಯ."

ಡ್ರೈವರು ಕೆಮ್ಮಿದ. ಮೇಡಂ ಫೋನಿನಲ್ಲಿ ಯಾರನ್ನೋ ಗದರಿಸುತ್ತಿದ್ದರು: "ರೀ, ನನ್ನ ಟೇಬಲ್ ಮೇಲಿನ ಸ್ಟೇಪ್ಲರ್ ಯಾರು ಎತ್ಕೊಂಡ್ರು? ಹುಡುಕಿ! ಕಾಲು ಬಂದು ನಡ್ಕೊಂಡು ಹೋಯ್ತಾ ಅದು?"

ಕಂಬನ ಜೇಬಿನಲ್ಲಿಯೂ ಫೋನು ಗುರುಗುಟ್ಟಿತು. ಹೆಂಡತಿ. ಅವನು ಪಿಸುಗುಟ್ಟಿದ, "ಡ್ಯೂಟಿಲಿದ್ದೀನಿ ಕಣೇ."

"ಗೊತ್ತು ರೀ. ಮಗಳ ಸ್ಕೂಲಿನ ಫಾರಂ ತುಂಬ್ತಿದ್ದೀನಿ. ವಿಳಾಸ ಕ್ವಾರ್ಟರ್ಸ್‌ದೇ ಬರೀಲಾ? ಕ್ವಾರ್ಟರ್ಸ್ ಮಕ್ಕಳಿಗೆ ಮಾತ್ರ ಸೀಟಂತೆ. ಇನ್ನೂ ಹತ್ತು ವರ್ಷ ಇಲ್ಲೇ ಇರ್ತೀವಲ್ಲ?"

"ಪೆನ್ಸಿಲ್ಲಲ್ಲಿ ಬರಿ," ಎಂದ ಕಂಬ.

ಕಾರ್ಯಕ್ರಮ ಹೊಸ ಬಸ್ ನಿಲ್ದಾಣದ್ದು. ಟೇಪು ಕತ್ತರಿಸಿದ್ದಾಯಿತು, ಚಪ್ಪಾಳೆ ಆಯಿತು. ಸಚಿವರು ರಸ್ತೆಯಾಚೆಯಿಂದ ಕೈಬೀಸುತ್ತಿದ್ದ ಹಳೆಯ ಸ್ನೇಹಿತನೊಬ್ಬನನ್ನು ಕಂಡವರೇ, "ಅರೇ ಇವನಾ!" ಎಂದು ಫುಟ್‌ಪಾತಿನಿಂದ ನೇರ ರಸ್ತೆಗೆ ಕಾಲಿಟ್ಟರು. ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಇಪ್ಪತ್ತು ವರ್ಷದಿಂದ ಅವರು ಕಾಲಿಟ್ಟ ಕಡೆ ವಾಹನಗಳು ಮೊದಲೇ ನಿಂತಿರುತ್ತಿದ್ದವು. ಪಾರ್ಸೆಲ್ ಹೇರಿಕೊಂಡ ಸ್ಕೂಟರೊಂದಕ್ಕೆ ಮಾತ್ರ ಈ ಸುದ್ದಿ ತಲುಪಿರಲಿಲ್ಲ.

ಕಂಬ ಯೋಚಿಸಲಿಲ್ಲ. ಒಂದೂವರೆ ಹೆಜ್ಜೆ ಒಂದೇ ನೆಗೆತಕ್ಕೆ ಮುಗಿಸಿ, ಸಚಿವರ ಕೋಟನ್ನು ಎರಡೂ ಕೈಯಲ್ಲಿ ಹಿಡಿದು ಹಿಂದಕ್ಕೆ ಜಗ್ಗಿದ. ಸ್ಕೂಟರು ಅವರ ಬೂಟಿನ ತುದಿಗೆ ಗಾಳಿ ಬೀಸಿ ಹೋಯಿತು. ಅದೇ ಗಳಿಗೆಯಲ್ಲಿ ಎರಡು ಸಂಗತಿ ನಡೆದವು. ಬಗ್ಗಿದ ರಭಸಕ್ಕೆ ಪೌಚಿನಲ್ಲಿ ಟಕ್ ಎಂದು ಸದ್ದಾಗಿ ಸ್ಟೇಪ್ಲರು ಅಂಗಿಯ ಅಂಚಿಗೆ ಪಿನ್ನು ಹೊಡೆದು ಕಚ್ಚಿಕೊಂಡಿತು. ಮತ್ತು ಸಚಿವರ ಕೋಟಿನ ಬಲಜೇಬಿನಲ್ಲಿ ಭಾರವಾದದ್ದೇನೋ ಓಲಾಡಿ ಅವನ ಗೆಣ್ಣಿಗೆ ಬಡಿಯಿತು. ನೋವಾಯಿತು. ಆ ನೋವಿನ ಆಕಾರ ಅವನಿಗೆ ಗೊತ್ತಿತ್ತು. ಆರು ವರ್ಷದಿಂದ ಅದು ಅವನ ಸೊಂಟದಲ್ಲೇ ಇತ್ತು.

ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಕೋಟು ಹರಿದೀಯ ಮಾರಾಯಾ, ಹುಷಾರು," ಎಂದರು ಸಚಿವರು. ದನಿ ನಡುಗುತ್ತಿತ್ತು, ಕಣ್ಣು ಮಾತ್ರ ನಗುತ್ತಿತ್ತು. "ಒಳ್ಳೇ ಬಟ್ಟೆ."

ಅಲ್ಲಿಂದ ಮಧ್ಯಾಹ್ನ ಪೂರ್ತಿ ನಡೆದದ್ದು ಕೋಟಿನ ಯುದ್ಧ. ಸಭಾಭವನದಲ್ಲಿ ಫ್ಯಾನು ಕೆಟ್ಟಿತ್ತು. ಹನ್ನೆರಡು ಜನ ಅಧಿಕಾರಿಗಳು ಕೋಟು ಕಳಚಿ ಕುರ್ಚಿಗೆ ಹಾಕಿ, ಕಡತದಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಸಚಿವರೊಬ್ಬರೇ ಕತ್ತಿನವರೆಗೆ ಗುಂಡಿ ಹಾಕಿ ಕೂತಿದ್ದರು. ಕೆನ್ನೆಯ ಮೇಲೆ ಬೆವರು ದಾರಿ ಮಾಡಿಕೊಂಡು ಇಳಿಯುತ್ತಿತ್ತು.

"ಸಾರ್, ಕೋಟು ಕೊಡಿ, ಹೊರಗೆ ನೇತುಹಾಕ್ತೀನಿ," ಎಂದು ಕಂಬ ಕಿವಿಯ ಹತ್ತಿರ ಬಗ್ಗಿದ.

"ಬೇಡಪ್ಪಾ, ಚಳಿ ಆಗ್ತಿದೆ."

"ಬೆವರ್ತಿದ್ದೀರಲ್ಲಾ ಸಾರ್."

"ತಣ್ಣನೆ ಬೆವರು."

ಸ್ವಲ್ಪ ಹೊತ್ತಿಗೆ ಮತ್ತೆ: "ಸಾರ್, ಕೋಟಿನ ಮೇಲೆ ಶಾಯಿ ಕಲೆ ಇದೆ, ಒರೆಸಿಕೊಂಡು ಬರ್ತೀನಿ."

"ಇರಲಿ ಬಿಡು. ಸಾರ್ವಜನಿಕ ಜೀವನ, ಕಲೆ ಇರಬೇಕು."

ಅಧಿಕಾರಿಯೊಬ್ಬ ಫಕ್ಕನೆ ನಕ್ಕ. ಕಂಬ ನೆಟ್ಟಗೆ ನಿಂತ. ಈಗ ಅವನಿಗೆ ಅನುಮಾನ ಉಳಿದಿರಲಿಲ್ಲ. ಈ ಸಚಿವ ಬೇಕಂತಲೇ ಸತಾಯಿಸುತ್ತಿದ್ದಾನೆ. ಮನಸ್ಸಿನಲ್ಲಿ ಕಂಬ ಸಚಿವರನ್ನು ಏಕವಚನದಲ್ಲಿ ಕರೆದದ್ದು ಆರು ವರ್ಷದಲ್ಲಿ ಅದೇ ಮೊದಲು. ಕರೆದ ಮೇಲೆ ಕೊಂಚ ಹಗುರಾಯಿತು. ಆದರೆ ಅದರ ಹಿಂದೆಯೇ ಇನ್ನೊಂದು ಭಯ ಬಂತು. ಗುಂಡು ತುಂಬಿದ ಪಿಸ್ತೂಲು ಇರುವುದು ಪೆನ್ನಿನ ಮುಚ್ಚಳ ತೆಗೆಯಲೂ ಎರಡು ಸಲ ತಡಕಾಡುವ ಮನುಷ್ಯನ ಜೇಬಿನಲ್ಲಿ, ಮತ್ತು ಆ ಮನುಷ್ಯ ಜೇಬಿನಿಂದ ಕರವಸ್ತ್ರ ಎಳೆಯುತ್ತಿದ್ದಾನೆ. ಪ್ರತಿ ಸಲ ಕರವಸ್ತ್ರ ಹೊರಬಂದಾಗಲೂ ಕಂಬ ಉಸಿರು ಬಿಗಿಹಿಡಿದ. ಸಚಿವರು ಹನ್ನೊಂದು ಸಲ ಮುಖ ಒರೆಸಿಕೊಂಡರು.

ಐದೂ ನಲವತ್ತಕ್ಕೆ ಕಾರು ಶಸ್ತ್ರಾಗಾರದ ಎದುರಿನ ಬೀದಿಗೆ ಬಂತು. ಮೇಡಂ ಮೊದಲೇ ಮನೆ ಹತ್ತಿರ ಇಳಿದಿದ್ದರು. ಸಚಿವರು ಮುಂದಕ್ಕೆ ಬಾಗಿ ಡ್ರೈವರನ ಭುಜ ತಟ್ಟಿದರು.

"ಹೋಗಿ ಒಂದು ಪೇಪರ್ ತಗೊಂಡ್ಬಾ."

"ಸಾರ್, ಬೆಳಗ್ಗೆದೇ ಇದೆ—"

"ಸಂಜೇದು ತಗೊಂಡ್ಬಾ. ನಿಧಾನ ಬಾ."

ಡ್ರೈವರು ಇಬ್ಬರನ್ನೂ ಒಮ್ಮೆ ಓದಿ, "ನಿಧಾನನೇ ಬರ್ತೀನಿ," ಎಂದು ಇಳಿದುಹೋದ.

ಸಚಿವರು ಕೋಟಿನ ಗುಂಡಿ ಒಂದೊಂದೇ ಬಿಚ್ಚಿ ಉಸ್ಸೆಂದರು. ಬಲಜೇಬಿನಿಂದ ಪಿಸ್ತೂಲು, ಎಡಜೇಬಿನಿಂದ ಮ್ಯಾಗಜೀನು, ಒಳಜೇಬಿನಿಂದ ಒಂದು ಒಂಟಿ ಗುಂಡು ತೆಗೆದು ಸೀಟಿನ ಮೇಲೆ ಸಾಲಾಗಿ ಇಟ್ಟರು.

"ಹೆದರ್ಬೇಡ, ಬೆಳಗ್ಗೇನೇ ಬಿಚ್ಚಿಟ್ಟಿದ್ದೆ. ಸೈನ್ಯದಲ್ಲಿ ಎರಡು ವರ್ಷ ಇದ್ದೆ ನಾನು. ಉಗ್ರಾಣದಲ್ಲಿ. ಗುರಿ ಇಡೋಕೆ ಬರಲ್ಲ, ಬಿಚ್ಚಿ ಒರೆಸೋಕೆ ಬರುತ್ತೆ. ಅಬ್ಬಾ, ದಿನಾ ಈ ಭಾರ ಹೊರ್ತೀಯಲ್ಲ ಮಾರಾಯಾ, ಬಲಗಡೆ ಸೊಂಟ ಬಿದ್ದೇಹೋಯ್ತು."

ಕಂಬನ ಕೈ ತಾನಾಗಿ ಹಿಂದಕ್ಕೆ ಚಾಚಿತು. ಸಚಿವರು ಪಿಸ್ತೂಲಿನ ಮೇಲೆ ಅಂಗೈ ಇಟ್ಟರು.

"ಇರು. ಒಂದು ಮಾತಿದೆ."

"ಹೇಳಿ ಸಾರ್."

"ಭಾನುವಾರ ನಾಲ್ಕರಿಂದ ಆರು, ನಾನೊಬ್ಬನೇ ಹೊರಗೆ ಹೋಗ್ತೀನಿ. ಹಿಂಬಾಗಿಲಿಂದ. ನೀನು ಮುಂಬಾಗಿಲಲ್ಲಿ ಕಂಬದ ಹಾಗೆ ನಿಂತಿರ್ಬೇಕು, ನಾನು ಒಳಗೇ ಇದ್ದೀನಿ ಅನ್ನೋ ಹಾಗೆ. ಅಷ್ಟೇ. ನಮ್ಮಕ್ಕನ ಮನೆ, ನಾಲ್ಕು ಬೀದಿ ಆಚೆ. ನಡ್ಕೊಂಡು ಹೋಗಿ, ನಡ್ಕೊಂಡು ಬರೋದು."

"ಅಕ್ಕನ ಮನೆಗೆ ಹೋದ ತಿಂಗಳು ಹೋಗಿದ್ವಲ್ಲಾ ಸಾರ್."

"ಹೋಗಿದ್ವಿ! ನೀನು ಅವಳ ಪಾತ್ರೆ ಮುಚ್ಚಳ ತೆಗೆದು ನೋಡಿದೆ. ಎಂಬತ್ತು ವರ್ಷದ ಹೆಂಗಸು ಕಣೋ. ಈಗ ನನಗೆ ಒಂದು ಲೋಟ ನೀರು ಕೊಡೋಕೂ ಮೊದ್ಲು ನಿನ್ನ ಮುಖ ನೋಡ್ತಾಳೆ, ಸರಿನಾ ಅಂತ. ಹೋದ್ಸಲ ಹೊರಡುವಾಗ ಹೇಳಿದಳು, 'ತಮ್ಮಾ, ಮುಂದಿನ ಸಲ ನೀನೊಬ್ಬನೇ ಬರೋಕಾದ್ರೆ ಬಾ' ಅಂತ."

ಅವರ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. ಕಂಬ ಕನ್ನಡಿಯಲ್ಲಿ ಅವರನ್ನು ನೋಡಿದ. ದಿನಾ ಬೆನ್ನು ನೋಡುವವನಿಗೆ ಆ ಮುಖ ಇಷ್ಟು ಮುದಿಯಾಗಿದೆ ಎಂಬುದು ಗೊತ್ತಿರಲಿಲ್ಲ. ಗಡಿಯಾರ ಐದೂ ಐವತ್ತು ತೋರಿಸುತ್ತಿತ್ತು. ಎದುರು, ಶಸ್ತ್ರಾಗಾರದ ಕಿಟಕಿಯಲ್ಲಿ ಮುದುಕ ಕನ್ನಡಕ ಒರೆಸುತ್ತಿದ್ದ.

ಪಿಸ್ತೂಲು ಒಂದು ಗೇಣು ದೂರದಲ್ಲಿತ್ತು. ಕೊಟ್ಟ ಮಾತನ್ನು ಯಾರೂ ಬರೆದುಕೊಳ್ಳುವುದಿಲ್ಲ. ಭಾನುವಾರದ ಎರಡು ಗಂಟೆ ಬಾಗಿಲಲ್ಲಿ ನಿಲ್ಲುವುದು, ಅದೂ ಅವನಿಗೆ ಬರುವ ಒಂದೇ ವಿದ್ಯೆ. ಹೂಂ ಎಂದರೆ ಸಾಕು: ಮನೆ ಉಳಿಯುತ್ತದೆ, ಸೀಟು ಉಳಿಯುತ್ತದೆ, ವಿಳಾಸವನ್ನು ಪೆನ್ನಿನಲ್ಲೇ ಬರೆಯಬಹುದು.

"ಏನಂತೀಯ?"

"ಆಗಲ್ಲ ಸಾರ್. ಎಡಬಲ ನೋಡದೆ ರಸ್ತೆಗೆ ಇಳೀತೀರ ನೀವು."

ಸಚಿವರು ಕಿವಿಗೆ ನಂಬಿಕೆ ಬಾರದೆ ಮುಂದಕ್ಕೆ ಬಾಗಿದರು. "ಹತ್ತು ನಿಮಿಷ ಇದೆ ಕಣೋ ನಿನಗೆ!"

"ಗೊತ್ತು ಸಾರ್."

"ಇಲಿ ಕಾಯ್ತೀಯ ನಾಳೆಯಿಂದ."

"ಕಾಯ್ತೀನಿ ಸಾರ್."

"ಸರಿ, ಒಂದು ಗಂಟೆ." ಸಚಿವರು ಪಿಸ್ತೂಲನ್ನು ಸೀಟಿನ ಮೇಲೆ ನಾಲ್ಕು ಬೆರಳು ಮುಂದಕ್ಕೆ ತಳ್ಳಿದರು.

"ಇಲ್ಲ ಸಾರ್."

"ಅರ್ಧ ಗಂಟೆ. ಬರೀ ಹೋಗಿ ಮುಖ ತೋರಿಸಿ ಬರೋದು." ಇನ್ನೂ ನಾಲ್ಕು ಬೆರಳು. ಈಗ ಅದು ಸೀಟಿನ ಅಂಚಿನಲ್ಲಿತ್ತು. ಕಂಬ ಬೆರಳು ಮಡಚಿದರೆ ಸಿಗುವಷ್ಟು ಹತ್ತಿರ.

"ಇಲ್ಲ."

"ಹಟಮಾರಿ! ಬೀದಿ ತುದಿವರೆಗಾದರೂ? ನಾನೊಬ್ಬನೇ, ಒಂದೇ ಒಂದು ಸಲ? ನೀನು ಬಾಗಿಲಲ್ಲಿ ನಿಂತು ನೋಡ್ತಿರಬಹುದು."

ಸಚಿವರು ಪಿಸ್ತೂಲನ್ನು ಕೈಗೆತ್ತಿಕೊಂಡು, ಹಿಡಿಕೆ ಮುಂದೆ ಮಾಡಿ, ಎರಡು ಸೀಟುಗಳ ನಡುವಿನಿಂದ ಚಾಚಿದರು. ಕಂಬ ಅದರತ್ತ ನೋಡಲಿಲ್ಲ. ಅಭ್ಯಾಸಬಲದಿಂದ ಬೀದಿಯ ಎಡತುದಿ ನೋಡಿದ, ಬಲತುದಿ ನೋಡಿದ, ಚಾಚಿದ್ದ ತನ್ನ ಕೈಯನ್ನು ಹಿಂದಕ್ಕೆಳೆದು ತೊಡೆಯ ಮೇಲಿಟ್ಟುಕೊಂಡ.

"ಆಗಲ್ಲ ಅಂದ್ರೆ ಆಗಲ್ಲ ಸಾರ್."