ಬೇಸ್ ನಿಲ್ಲಬಾರದು

ರೂಡಿಗರ್ ಮೈಕಿನ ಕೋಲನ್ನು ಎರಡೂ ಕೈಯಲ್ಲಿ ಎತ್ತಿ ಮೆಲ್ರಾಯ್‌ನ ತಲೆಗೆ ಬಾರಿಸಿದ. ಕೋಲು ಫಟ್ಟನೆ ಎರಡು ತುಂಡಾಯಿತು. ಟೋಪಿಯ ಅಡಿಯಿಂದ ಕೆಂಪು ಧಾರೆಯೊಂದು ಹಣೆಗಿಳಿದು, ಹುಬ್ಬು ದಾಟಿ ಕಣ್ಣಿಗೆ ಬಂತು. ಟೆಂಟಿನಲ್ಲಿದ್ದ ನಾನ್ನೂರು ಜನ ಬೆಂಚು ಹತ್ತಿ ನಿಂತು ಕೂಗಿದರು. ಮೆಲ್ರಾಯ್ ಮೊಣಕಾಲೂರಿ ಕುಸಿದ. ಆದರೆ ಕೊರಳಿಗೆ ತೂಗಿದ್ದ ಬೇಸ್ ಗಿಟಾರಿನ ಮೇಲೆ ಅವನ ಬೆರಳುಗಳು ಓಡುತ್ತಲೇ ಇದ್ದವು.

ಕೋಲು ಪೊರಕೆಯ ಹಿಡಿ, ಮುಕ್ಕಾಲು ಪಾಲು ಮೊದಲೇ ಗರಗಸದಲ್ಲಿ ಕೊಯ್ದಿಟ್ಟದ್ದು. ರಕ್ತ ಬೀಟ್‌ರೂಟಿನ ರಸ, ಬೆಳಿಗ್ಗೆ ಮೆಲ್ರಾಯ್‌ನೇ ಬೇಯಿಸಿ ಹಿಂಡಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದ್ದು. ಜರ್ಮನಿಯ ಅಬ್‌ಸ್ಟಾಟ್‌ನ ಪಕ್ಕದ ಹಳ್ಳಿಯೊಂದರ ಅಗ್ನಿಶಾಮಕ ದಳದವರ ಬೇಸಿಗೆ ಹಬ್ಬ ಅದು. ಎರಡು ಸಾವಿರದ ಎರಡನೇ ಇಸವಿ, ಆಗಸ್ಟಿನ ಶನಿವಾರ, ಸಂಜೆ ನಾಲ್ಕು ಗಂಟೆ. ಹೊರಗೆ ಬಿಸಿಲು ಉರಿಯುತ್ತಿತ್ತು.

'ರಸ್ಟ್ ಕೌಂಟಿ' ಎಂಬ ಅಮೆರಿಕದ ಹಾರ್ಡ್ ರಾಕ್ ತಂಡ ಹುಟ್ಟಿದ್ದು ಒಂದು ಉಕ್ಕಿನ ಊರಿನಲ್ಲಿ. ಹನ್ನೆರಡು ವರ್ಷದಲ್ಲಿ ಒಂಬತ್ತು ರೆಕಾರ್ಡು ಮಾಡಿ, ಕುಡಿದು, ಹೋಟೆಲು ಒಡೆದು, ಒಬ್ಬರನ್ನೊಬ್ಬರು ದ್ವೇಷಿಸುವುದನ್ನೂ ಕಲಿತರು. ಎಂಬತ್ತಮೂರರಲ್ಲಿ ಜರ್ಮನಿಯ ವೇದಿಕೆಯೊಂದರಲ್ಲಿ ಹಾಡುಗಾರ ಮೈಕಿನ ಕಬ್ಬಿಣದ ಕೋಲಿನಿಂದ ಬೇಸ್ ವಾದಕ ಡೋಲನ್‌ನ ತಲೆ ಒಡೆದ. ಡೋಲನ್ ರಕ್ತ ಸೋರಿಸಿಕೊಂಡೇ ಹಾಡು ಮುಗಿಯುವವರೆಗೆ ನುಡಿಸಿದ. ಆ ರಾತ್ರಿಯ ರೆಕಾರ್ಡಿಂಗೇ ಅವರ ಎಲ್ಲಕ್ಕಿಂತ ಹೆಚ್ಚು ಮಾರಾಟವಾದ ರೆಕಾರ್ಡು. ತಂಡ ಅಲ್ಲಿಗೇ ಮುಗಿಯಿತು. ಹಾಡುಗಾರ ಕುಡಿದು ಸತ್ತ, ಡೋಲನ್‌ಗೆ ಒಂದು ಕಣ್ಣು ಹೋಯಿತು. ಅಷ್ಟು ಹಾಡು ಕಟ್ಟಿದವರಿಂದ ಜನ ಉಳಿಸಿಕೊಂಡದ್ದು ಆ ಏಟೊಂದನ್ನೇ. ಕೊಳಾಯಿ ಕೆಲಸದ ರೂಡಿಗರ್‌ನಂಥವರು ಅವರ ಹಾಡು ಹಾಡಿಕೊಂಡು ಹಳ್ಳಿ ಹಳ್ಳಿ ತಿರುಗುತ್ತಿದ್ದರು, ಮತ್ತು ಆ ಏಟು ಇಲ್ಲದೆ ಆಟ ಮುಗಿಸಿದರೆ ಜನ ಬಿಡುತ್ತಿರಲಿಲ್ಲ.

ಜರ್ಮನಿಯವರು ಕೊಡುವ ಗ್ರೀನ್ ಕಾರ್ಡಿನ ಮೇಲೆ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯಲು ಮಂಗಳೂರಿನಿಂದ ಬಂದಿದ್ದ ಮೆಲ್ರಾಯ್‌ಗೆ ಡೋಲನ್ ಆಗುವುದೆಂದರೆ ಹಬ್ಬ. ಬೇಸ್ ಕಲಿತದ್ದು ಬೆಂದೂರಿನ ಸಿಪ್ರಿಯನ್ ಮಾಸ್ಟರರ ಮದುವೆ ಬ್ಯಾಂಡಿನಲ್ಲಿ. ಮಾಸ್ಟರರದು ಒಂದೇ ಕಟ್ಟಳೆ. ಮದುವೆ ಹಾಲಿನಲ್ಲಿ ಕುಡಿದವರು ಹೊಡೆದಾಡಲಿ, ಕುರ್ಚಿ ಹಾರಲಿ, ಬೇಸ್ ಮಾತ್ರ ನಿಲ್ಲಬಾರದು. ಸಂಗೀತ ನಿಂತರೆ ಹಾಲಿಗೆ ಹಾಲೇ ಜಗಳದ ಕಡೆ ತಿರುಗುತ್ತದೆ, ಮಕ್ಕಳು ಹೆಂಗಸರು ಬಾಗಿಲಿಗೆ ನುಗ್ಗುತ್ತಾರೆ. ಒಮ್ಮೆ ಸೋಡಾ ಬಾಟಲಿ ಭುಜಕ್ಕೆ ಬಡಿದಾಗಲೂ ಹದಿನೇಳರ ಮೆಲ್ರಾಯ್ ನಿಲ್ಲಿಸಿರಲಿಲ್ಲ. ಮಾಸ್ಟರರು ಎಲ್ಲರೆದುರು ಅವನ ಬೆನ್ನು ತಟ್ಟಿದ್ದರು. ಬದುಕಿನಲ್ಲಿ ಅವನಿಗೆ ಸಿಕ್ಕ ಮೊದಲ ಮರ್ಯಾದೆ ಅದು.

ಇವತ್ತಿನ ಆಟವನ್ನು ವಿಡಿಯೋ ಮಾಡಲು ಒಪ್ಪಿದವನು ಅವನ ಮನೆಯನ್ನು ಹಂಚಿಕೊಂಡಿದ್ದ ಹಾಲಸಿದ್ದಪ್ಪ. ನಿಪ್ಪಾಣಿ ಕಡೆಯ ಎಂಜಿನಿಯರು, ಅಜ್ಜನ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ಭುಜ. ಮೆಲ್ರಾಯ್‌ನ ಹೆಂಡತಿ ಪ್ರೆಸಿಲ್ಲಾ ಇನ್ನೆರಡು ವಾರಕ್ಕೆ ಊರಿನಿಂದ ಬರುವವಳಿದ್ದಳು. ಅವಳಿಗೆ ತೋರಿಸಬೇಕಿತ್ತು.

"ಅಲ್ಲಪಾ, ಇಷ್ಟ್ ದೂರ ಬಂದು ವಾರಕ್ಕೊಮ್ಮೆ ತಲಿಗೆ ಬಡಿಸ್ಕೊಳ್ಳೂದು ಅಂದ್ರ ಇದೆಂಥಾ ಹುಚ್ಚೋ ನಿಂದು?" ಎಂದು ಸಿದ್ದಪ್ಪ ಬಸ್ಸಿನಲ್ಲಿ ಕೇಳಿದ್ದ.

"ನಾಟಕ ಮಾರಾಯ, ಎಂತ ಆಗುದಿಲ್ಲ. ಕೆಲವು ಸಲ ಎದುರು ನಿಂತವರನ್ನೂ ನಾಟಕಕ್ಕೆ ಎಳೀತಾರೆ. ಎಳೆದ್ರೆ ನಗಾಡ್ತಾ ಇರು, ಆಯ್ತಾ? ನೀನು ಕೈ ಎತ್ತಿದ್ರೆ ಶೋ ಹಾಳಾಗ್ತದೆ."

"ಆತ್ ಬಿಡಪಾ, ನಕ್ಕೋತ ಇರ್ತೀನಿ."

ಮುಂದಿನ ಬೆಂಚಿನಲ್ಲಿ ತಂಡದ ಹೆಸರಿನ ಕಪ್ಪು ಟೀ ಶರ್ಟು ತೊಟ್ಟ ಮೂವರು ಮೊದಲಿನಿಂದಲೂ ಕಿರುಚುತ್ತಿದ್ದರು. ಡೋಲನ್ ಇಂಡಿಯಾದವನಲ್ಲ, ಇಳಿಸಿ ಅವನನ್ನು ಎಂದು. ರೂಡಿಗರ್ ಅದನ್ನು ನಗೆಯಲ್ಲಿ ತೇಲಿಸಿದ. ಮೆಲ್ರಾಯ್‌ಗೆ ಅಂಥ ಮಾತು ಹೊಸತಲ್ಲ, ಟ್ರೇನಿನಲ್ಲೂ ಕೇಳಿದ್ದ. ಮೊಣಕಾಲೂರಿದ್ದ ಅವನು ಕಣ್ಣಿನ ಬೀಟ್‌ರೂಟು ಒರೆಸಿಕೊಂಡು ತಲೆ ಎತ್ತಿದಾಗ ಆ ಮೂವರಲ್ಲಿ ಕೆಂಪು ಗಡ್ಡದವನು ಬೆಂಚು ಬಿಟ್ಟು ಎದ್ದಿದ್ದ. ವೇದಿಕೆ ಎತ್ತರವಿತ್ತು. ಅದರ ಬುಡದಲ್ಲಿ, ಕೈಗೆ ಸಿಗುವ ಹಾಗೆ, ಇನ್ನೊಬ್ಬ ಇಂಡಿಯಾದವ ಕ್ಯಾಮೆರಾ ಹಿಡಿದು ನಿಂತಿದ್ದ.

ಗಡ್ಡದವನು ಕ್ಯಾಮೆರಾ ಕಿತ್ತು ನೆಲಕ್ಕೆ ಎಸೆದ. ಸಿದ್ದಪ್ಪ ನಕ್ಕ. ಮೊದಲ ಗುದ್ದು ಮೂಗಿಗೆ ಬಿತ್ತು. ಸಿದ್ದಪ್ಪ ಎರಡು ಹೆಜ್ಜೆ ಹಿಂದೆ ಸರಿದು, ಮೂಗು ಮುಟ್ಟಿ ನೋಡಿಕೊಂಡು, ವೇದಿಕೆಯ ಕಡೆ ತಿರುಗಿ ಮೆಲ್ರಾಯ್‌ಗೆ ಕಣ್ಣು ಹೊಡೆದ. ಅವನ ಹಲ್ಲಿನ ಮೇಲೆ ಇದ್ದದ್ದು ಬೀಟ್‌ರೂಟಿನ ರಸವಲ್ಲ. ಉಳಿದಿಬ್ಬರು ಅವನ ತೋಳು ಹಿಡಿದರು. ಆ ತೋಳು ಒಮ್ಮೆ ಜಾಡಿಸಿದ್ದರೆ ಇಬ್ಬರೂ ಮೇಜಿನಡಿಗೆ ಹೋಗುತ್ತಿದ್ದರು. ಸಿದ್ದಪ್ಪ ಜಾಡಿಸಲಿಲ್ಲ, ಕೊಟ್ಟ ಮಾತಿನಂತೆ ನಗುತ್ತಲೇ ಇದ್ದ.

ಹಿಂದಿನವರು ಇದೂ ಆಟದ ಭಾಗವೆಂದು ಚಪ್ಪಾಳೆ ಹೊಡೆದರು. ರೂಡಿಗರ್ ಕಣ್ಣು ಮುಚ್ಚಿ ಹಾಡುತ್ತಿದ್ದ. ಡ್ರಮ್ಮಿನವನಿಗೆ ಕಾಣುತ್ತಿರಲಿಲ್ಲ. ಕಂಡದ್ದು ಮೆಲ್ರಾಯ್‌ಗೆ ಮಾತ್ರ. ಕಂಡೂ ಅವನು ನುಡಿಸಿದ. ನಿಲ್ಲಿಸಿದರೆ ಗದ್ದಲ ದೊಡ್ಡದಾಗುತ್ತದೆ, ಜನ ನುಗ್ಗುತ್ತಾರೆ, ಇನ್ನೊಂದು ಸುತ್ತು, ಇನ್ನೊಂದೇ ಸುತ್ತು ಎಂದು ಅವನ ತಲೆ ಹೇಳಿತು. ತಲೆ ಹೇಳಿದ್ದು ಅಷ್ಟು. ಹೊಟ್ಟೆಯೊಳಗೆ ಇದ್ದದ್ದು ಬರೀ ಹೆದರಿಕೆ. ಇಳಿದರೆ ಆ ಗುದ್ದು ತನಗೆ ಬೀಳುತ್ತದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು, ಅದು ತನ್ನದೇ ಗುದ್ದೆಂದೂ ಗೊತ್ತಿತ್ತು.

ಗಡ್ಡದವನು ಒಂದು ಲೀಟರಿನ ಗಾಜಿನ ಮಗ್ಗು ಎತ್ತಿ ಸಿದ್ದಪ್ಪನ ದವಡೆಗೆ ಬೀಸಿದ. ಮಗ್ಗು ಒಡೆಯಲಿಲ್ಲ. ಇನ್ನೊಮ್ಮೆ ಬೀಸಿದ. ಸಿದ್ದಪ್ಪ ಬಿದ್ದ ಮೇಲೆ ಮೂವರೂ ಬೂಟಿನಿಂದ ಒದೆಯತೊಡಗಿದರು, ಪಕ್ಕೆಗೆ, ಬೆನ್ನಿಗೆ, ಕಿವಿಗೆ. ಅವನ ನಗು ಈಗ ನಿಂತಿತ್ತು. ಬಾಯಿ ತೆರೆದು ಮುಚ್ಚುತ್ತಿತ್ತು, ಏನೋ ಕೂಗುತ್ತಿತ್ತು.

ಮೆಲ್ರಾಯ್ ಹಾರಿದ್ದು ಆಮೇಲೆ. ಬೇಸಿನ ಕುತ್ತಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಟ್ಟೆ ಒಗೆಯುವವರ ಹಾಗೆ ತಲೆಯ ಮೇಲಿಂದ ತಂದು ಗಡ್ಡದವನ ಹೆಗಲಿಗೆ ಅಪ್ಪಳಿಸಿದ. ಮೂಳೆ ಮುರಿದದ್ದು ಅವನ ಅಂಗೈಗೇ ತಿಳಿಯಿತು. ಎರಡನೆಯದು ಮೊಣಕೈಗೆ. ಮೂರನೆಯದಕ್ಕೆ ಆಸಾಮಿ ನೆಲದಲ್ಲಿದ್ದ, ಜೊತೆಯವರು ಓಡಿದ್ದರು. ನಾಲ್ಕನೆಯದು ಬೇಕಿರಲಿಲ್ಲ. ಐದನೆಯದಕ್ಕೆ ಬೇಸಿನ ಕುತ್ತಿಗೆಯೇ ಮುರಿದು, ತಂತಿಗಳು ನೇತಾಡಿದವು. ರೂಡಿಗರ್ ಹಿಂದಿನಿಂದ ಬಂದು ಅವನನ್ನು ತಬ್ಬಿ ಹಿಡಿಯಬೇಕಾಯಿತು.

"ಕಂಡ ತಕ್ಷಣ ಹಾರಿದೆ," ಎಂದ ಮೆಲ್ರಾಯ್ ಪೊಲೀಸರಿಗೆ. ತಡಮಾಡಿದ್ದನ್ನು ಹೇಳುವ ಧೈರ್ಯವಿರಲಿಲ್ಲ. ವಿದೇಶಿಯರ ಕಚೇರಿಯಲ್ಲಿ ಪ್ರೆಸಿಲ್ಲಾಳ ವೀಸಾ, ತನ್ನ ಪರವಾನಗಿ ಎರಡೂ ಕೂತಿದ್ದವು. ಪೊಲೀಸರು ಬರೆದುಕೊಂಡು ತಲೆಯಾಡಿಸಿದರು. ಗೆಳೆಯನನ್ನು ಉಳಿಸಲು ಹೊಡೆದದ್ದು, ಅಪರಾಧವಲ್ಲ ಎಂದರು. ಮಂಗಳವಾರದ ಸ್ಥಳೀಯ ಪತ್ರಿಕೆಯಲ್ಲಿ ಅವನ ಫೋಟೋ ಬಂತು. ಕ್ಯಾಂಟೀನಿನಲ್ಲಿ ಬಾಸ್ ಎದ್ದು ನಿಂತು ಕೈ ಕುಲುಕಿದ. ಪ್ರೆಸಿಲ್ಲಾ ಫೋನಿನಲ್ಲಿ ಅತ್ತಳು. ಇಗರ್ಜಿಯಲ್ಲಿ ಅವನ ಹೆಸರಿನಲ್ಲಿ ಪೂಜೆ ಹೇಳಿಸಿದ್ದಾಳಂತೆ. ಸಿದ್ದಣ್ಣ ತೆಗೆದ ವಿಡಿಯೋ ಎಲ್ಲಿ, ಬಂದ ಕೂಡಲೇ ನೋಡಬೇಕು ಎಂದಳು. ಕ್ಯಾಮೆರಾ ಒಡೆಯಿತು ಎಂದು ಇವನು ಹೇಳಿದ. ಅವನು ನಂಬಿದ್ದೂ ಹಾಗೆಯೇ.

ಒಂಬತ್ತನೆಯ ದಿನ ಸಿದ್ದಪ್ಪ ಆಸ್ಪತ್ರೆಯಿಂದ ಮನೆಗೆ ಬಂದ. ದವಡೆಗೆ ತಂತಿ ಬಿಗಿದಿದ್ದರು, ಎಡಗಿವಿಯಲ್ಲಿ ಹತ್ತಿ. ಹಲ್ಲಿನ ಸಂದಿಯಿಂದ ಒಂದೊಂದೇ ಮಾತು ಬರುತ್ತಿತ್ತು. ಮೆಲ್ರಾಯ್ ಗಂಜಿ ಮಾಡಿ, ತಿಳಿ ಬಸಿದು, ಸ್ಟ್ರಾ ಹಾಕಿ ಕೊಟ್ಟ. ಸಿದ್ದಪ್ಪ ಎರಡು ಗುಟುಕು ಎಳೆದು, ಆಸ್ಪತ್ರೆಯ ಚೀಲದಿಂದ ಕ್ಯಾಮೆರಾ ತೆಗೆದ. ಅದರ ಮೈಯಲ್ಲಿ ಬಿರುಕು ಬಿಟ್ಟಿತ್ತು, ಅಷ್ಟೇ. ವಾರ್ಡಿಗೆ ನೋಡಲು ಬಂದಾಗ ರೂಡಿಗರ್ ತಂದುಕೊಟ್ಟಿದ್ದನಂತೆ. ಸಿದ್ದಪ್ಪ ಅದರ ವೈರನ್ನು ಟೀವಿಗೆ ಸಿಕ್ಕಿಸಿ ಸೋಫಾದಲ್ಲಿ ಕೂತ.

ಟೀವಿಯಲ್ಲಿ ಮೆಲ್ರಾಯ್ ಕೆಂಪು ಮುಖದಲ್ಲಿ ಮೊಣಕಾಲೂರಿದ್ದ. "ಪ್ರೆಸಿಲ್ಲಾ ವೈನಿ, ನೋಡ್ರಿ ನಿಮ್ಮ ಗಂಡನ್ನ," ಎಂದಿತು ಸಿದ್ದಪ್ಪನ ಹಳೆಯ ಗಟ್ಟಿ ದನಿ. ಆಮೇಲೆ ಚಿತ್ರ ಗಿರಕಿ ಹೊಡೆದು ಅಡ್ಡಡ್ಡ ಬಿತ್ತು. ಬೆಂಚಿನ ಕಾಲು, ಒಂದು ಬೂಟು, ಹುಲ್ಲು ಕಾಣಿಸಿದವು. ದೃಶ್ಯ ಆ ಹುಲ್ಲು ಬಿಟ್ಟು ಕದಲಲಿಲ್ಲ, ಸದ್ದು ಮಾತ್ರ ಮುಂದುವರಿಯಿತು. ನಗು. ಥಪ್ ಎಂಬ ಸದ್ದು. ಮತ್ತೆ ನಗು. "ಏ ಸಾಕ್ರೋ." ಗಾಜಿನ ಸದ್ದು. ಆಮೇಲೆ "ಮೆಲ್ರಾಯ್! ಮೆಲ್ರಾಯ್! ಲೇ!" ಎಂಬ ಕೂಗು. ಈ ಎಲ್ಲದರ ಅಡಿಯಲ್ಲಿ ಬೇಸ್, ಒಂದು ಸ್ವರವೂ ಜಾರದೆ, ಹದವಾಗಿ, ಅಚ್ಚುಕಟ್ಟಾಗಿ ನಡೆದೇ ಇತ್ತು.

ಪರದೆಯ ಮೂಲೆಯಲ್ಲಿ ಸೆಕೆಂಡುಗಳು ಓಡುತ್ತಿದ್ದವು. ಕ್ಯಾಮೆರಾ ಬಿದ್ದಲ್ಲಿಂದ ಬೇಸ್ ನಿಲ್ಲುವವರೆಗೆ ಎಪ್ಪತ್ತೆರಡು.

"ಸಿದ್ದು," ಎಂದ ಮೆಲ್ರಾಯ್. "ನಾನು ಮೊದಲೇ ನೋಡಿದ್ದೆ ಮಾರಾಯ. ಹೆದರಿದೆ. ಪೊಲೀಸರಿಗೆ ಸುಳ್ಳು ಹೇಳಿದೆ."

ಸಿದ್ದಪ್ಪ ಅವನ ಕಡೆ ನೋಡಲಿಲ್ಲ. ಎದ್ದು, ಟೇಪನ್ನು ಹಿಂದಕ್ಕೆ ಓಡಿಸಿ, ತನ್ನ ದನಿ ಮುಗಿಯುವಲ್ಲಿ ನಿಲ್ಲಿಸಿದ. ವೈರು ಕಿತ್ತು ಕ್ಯಾಮೆರಾವನ್ನು ಹೊರಮುಖವಾಗಿ ಕಿಟಕಿಯ ಕಟ್ಟೆಯ ಮೇಲಿಟ್ಟ. ಕೆಳಗೆ ಕಾರು ನಿಲ್ಲಿಸುವ ಜಾಗ ಖಾಲಿಯಿತ್ತು, ಭಾನುವಾರ.

"ವೈನಿ ನೋಡಬಾರ್ದು," ಎಂದ ತಂತಿಯ ಸಂದಿಯಿಂದ, ಮತ್ತು ರೆಕಾರ್ಡಿನ ಗುಂಡಿ ಒತ್ತಿದ.

ಕೆಂಪು ದೀಪ ಹತ್ತಿತು, ಹಳೆಯದನ್ನು ಅಳಿಸುತ್ತ ಟೇಪು ಓಡತೊಡಗಿತು. ಮೆಲ್ರಾಯ್ ಹತ್ತಿರ ಹೋಗಿ ನಿಂತ. ಇಬ್ಬರೂ ಕೆಳಗಿನ ಖಾಲಿ ಜಾಗವನ್ನು ನೋಡಿದರು. ಬೆಕ್ಕೊಂದು ಬಿಳಿ ಗೆರೆಗಳನ್ನು ದಾಟಿ ಹೋಯಿತು. ಸಿದ್ದಪ್ಪನ ತೋರುಬೆರಳು ಕಟ್ಟೆಯ ಕಲ್ಲಿನ ಮೇಲೆ ಮೆಲ್ಲಗೆ ಬಡಿಯುತ್ತಿತ್ತು. ಅದೇ ಬೇಸ್, ಅದೇ ಸುತ್ತು, ಒಂದು ಪೆಟ್ಟೂ ತಪ್ಪದೆ.