ಫುಟ್ ಎತ್ತಿ ದಾರ ಹಾಕಿ

ನಮ್ಮ ಮನೆಯವರಿಗೆ ಇರುವುದು ಒಂದೇ ಕಣ್ಣು. ಬಲಗಣ್ಣಿಗೆ ಇಪ್ಪತ್ತು ವರ್ಷದ ಹಿಂದೆ, ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಮಷಿನ್ ರಿಪೇರಿ ಮಾಡುವಾಗ, ಮುರಿದ ಸೂಜಿಯ ತುಂಡು ಹಾರಿ ಹೊಡೆದಿತ್ತು. ಅದರಲ್ಲಿ ಈಗ ಬೆಳಕು ಕಾಣುತ್ತದೆ, ಅಷ್ಟೇ. ಉಳಿದದ್ದು ಎಡಗಣ್ಣು. ಅದನ್ನು ಇವರು ನಾಲ್ಕು ಸಾವಿರ ಜನರಿಗೆ ಬರೆದುಕೊಟ್ಟಿದ್ದರು.

ಹೊಲಿಗೆ ಮಷಿನ್ ಇರುವವರಿಗೆಂದು ಇವರು ಇಂಟರ್ನೆಟ್ಟಿನಲ್ಲಿ ಒಂದು ಫೋರಂ ನಡೆಸುತ್ತಾರೆ. ಒಂಬತ್ತು ವರ್ಷವಾಯಿತು, ಸದಸ್ಯರು ನಾಲ್ಕು ಸಾವಿರ. ಮಷಿನ್ ಕೈಕೊಟ್ಟವರು ಅಲ್ಲಿ ಬಂದು ಕೇಳುವುದು, ಇವರು ಉತ್ತರ ಬರೆಯುವುದು. ಸಂಬಳವಿಲ್ಲ, ರಜೆಯಿಲ್ಲ. ಫ್ಯಾಕ್ಟರಿಯಿಂದ ಬಂದವರು ಶೂ ಬಿಚ್ಚುವ ಮೊದಲೇ ಕಂಪ್ಯೂಟರ್ ಮುಂದೆ ಕೂತುಬಿಡುತ್ತಿದ್ದರು. ಅಲ್ಲಿ ಎಲ್ಲರೂ ಇವರನ್ನು 'ಗುರುಗಳೇ' ಅನ್ನುತ್ತಾರೆ. ಹಾಗಂದರೆ ಸಾಕು, ಇವರು ಕರಗಿ ನೀರಾಗುತ್ತಾರೆ. ನಾನೂ ಒಂದು ದಿನ "ಗುರುಗಳೇ, ಬಚ್ಚಲಿನ ಬಲ್ಬು ಹೋಗಿದೆ" ಅಂದು ನೋಡಿದೆ. ಅದು ಮಾತ್ರ ಕಿವಿಗೆ ಬೀಳಲಿಲ್ಲ.

ಕಣ್ಣ ಮುಂದೆ ಕಪ್ಪು ಚುಕ್ಕೆ ಓಡಾಡುತ್ತಿವೆ, ಪಕ್ಕದಲ್ಲಿ ಮಿಂಚು ಹೊಡೆದಂತಾಗುತ್ತದೆ ಎಂದು ಇವರು ಹೇಳಿದ್ದು ಒಂದು ಸೋಮವಾರ. ಅದೇ ವಾರ ಯಾರೋ ಕಿಡಿಗೇಡಿಗಳು ಫೋರಂಗೆ ನುಗ್ಗಿ, ತೂಕ ಇಳಿಸುವ ಮಾತ್ರೆಯ ಜಾಹೀರಾತು ಸುರಿಯುತ್ತಿದ್ದರು. ಇವರು ಒಂದೊಂದಾಗಿ ಅಳಿಸುತ್ತಾ ಕೂತರು. ಡಾಕ್ಟರ ಹತ್ತಿರ ಹೋಗೋಣ ಅಂದರೆ, "ಇದೊಂದು ಮುಗೀಲಿ, ಭಾನುವಾರ ತೋರಿಸ್ತೀನಿ" ಅಂದರು. ಶನಿವಾರ ಬೆಳಿಗ್ಗೆ ಎದ್ದಾಗ ಎಡಗಣ್ಣಿನ ಅರ್ಧಕ್ಕೆ ಪರದೆ ಎಳೆದಂತೆ ಕತ್ತಲು.

ಕಣ್ಣಿನ ಹಿಂದಿನ ಪೊರೆ, ರೆಟಿನಾ, ಕಳಚಿಕೊಂಡಿದೆ ಎಂದರು ಡಾಕ್ಟರಮ್ಮ. ಅಂದೇ ಆಪರೇಷನ್ ಮಾಡಿ ಮುಗಿಸಿದರು. ಆಮೇಲೆ ನನ್ನನ್ನು ಕರೆದು ಕೂರಿಸಿ ಹೇಳಿದರು. "ಒಳಗೆ ಗಾಳಿ ಗುಳ್ಳೆ ತುಂಬಿದ್ದೀವಿ. ಅದು ಪೊರೇನ ಒತ್ತಿ ಹಿಡೀಬೇಕು ಅಂದ್ರೆ ಇವರ ಮುಖ ಹತ್ತು ದಿನ ನೆಲ ನೋಡ್ತಾ ಇರಬೇಕು. ಮಲಗಿದ್ರೂ ಅಷ್ಟೇ, ಕೂತ್ರೂ ಅಷ್ಟೇ. ತಲೆ ಎತ್ತಬಾರದು. ಪೊರೆ ಮತ್ತೆ ಕಳಚಿದ್ರೆ ನನ್ನ ಕೈಲಿ ಏನೂ ಇಲ್ಲ."

ನಾನು ಟೈಲರ್. ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಉಳಿದ ಅಸ್ತರಿ ಬಟ್ಟೆಯಲ್ಲಿ ನಡುವೆ ತೂತಿರುವ ದಿಂಬು ಹೊಲಿದೆ. ಅದರಲ್ಲಿ ಹಣೆಯಿಟ್ಟು ಇವರು ಬೋರಲು ಮಲಗಿದರು. ಅತ್ತೆ ಬಾಗಿಲಲ್ಲಿ ನಿಂತು ನೋಡಿ, "ಹುಟ್ಟಿದ ನಾಲ್ಕನೇ ತಿಂಗಳಿಗೆ ಬೋರಲು ಬಿದ್ದಿದ್ದ, ಈಗ ಐವತ್ನಾಲ್ಕನೇ ವರ್ಷಕ್ಕೆ ಮತ್ತೆ ಬಿದ್ದ" ಅಂದರು. ದಿಂಬಿನ ಒಳಗಿಂದ ನಗುವ ಸದ್ದು ಬಂತು. ಹಿಂದೆಯೇ, "ಫೋರಂ ತೆಗೆದು ಓದೇ ಸ್ವಲ್ಪ" ಅಂತಲೂ ಬಂತು.

ನನಗೆ ಮೈ ಉರಿದುಹೋಯಿತು. ಹಾಳಾದ್ದು, ಅದರಿಂದಲೇ ಈ ಗತಿ ಬಂದದ್ದು. ಆದರೆ ನಾನು ಓದದಿದ್ದರೆ ಇವರೇ ಏಳುತ್ತಾರೆ ಎಂದು ಗೊತ್ತಿತ್ತು. ಹಾಗಾಗಿ ನಾನು ಓದುವುದು, ಇವರು ನೆಲ ನೋಡುತ್ತಾ ಹೇಳುವುದು, ನಾನು ಟೈಪ್ ಮಾಡುವುದು ಎಂದಾಯಿತು. ಆಪರೇಷನ್ ವಿಷಯ ಅಲ್ಲಿ ಹೇಳಲು ಇವರು ಬಿಡಲಿಲ್ಲ. "ಗಾಬರಿ ಆಗ್ತಾರೆ" ಅಂದರು. ಗಾಬರಿಯಾಗುವ ಜನವನ್ನು ನಾನೂ ನೋಡಿದೆ. ಬೆಳಿಗ್ಗೆ ಕೇಳಿದ್ದಕ್ಕೆ ಮಧ್ಯಾಹ್ನ ಉತ್ತರ ಹೋದರೆ, "ಗುರುಗಳು ಈಗೀಗ ಸೋಮಾರಿ ಆಗಿದ್ದಾರೆ" ಎಂದು ಒಬ್ಬ ಬರೆದ. ಅವನ ಹೆಸರಿನ ಜಾಗದಲ್ಲಿ 'ಜಿಪ್ ಅಣ್ಣ' ಎಂದಿತ್ತು. ಅಲ್ಲಿ ಯಾರೂ ನಿಜ ಹೆಸರು ಹಾಕುವುದಿಲ್ಲ.

ದಿನಾ ಮೂರು ಗಂಟೆಗೆ 'ನೀಲಿ ದಾರ' ಎನ್ನುವವನು ಬರುತ್ತಿದ್ದ. "ಗುರುಗಳೇ, ಬಟ್ಟೆ ಅಡಿಗೆ ದಾರ ಗಂಟು ಗಂಟಾಗ್ತಿದೆ. ಕೆಳಗಿನ ಬಾಬಿನ್ ದಾರ ಸರಿಯಾಗಿದೆ. ಏನು ಮಾಡಲಿ?" ಇವರು ಹೇಳಿಸಿದರು: "ನಮಸ್ಕಾರ. ಮೇಲಿನ ದಾರ ಪೂರ್ತಿ ಬಿಚ್ಚಿ. ಬಟ್ಟೆ ಒತ್ತಿ ಹಿಡಿಯೋ ಫುಟ್ ಮೇಲೆ ಎತ್ತಿಡಿ. ಫುಟ್ ಎತ್ತಿ ದಾರ ಹಾಕಿ. ಸರಿಹೋಗುತ್ತೆ."

ಮರುದಿನ ಮೂರು ಗಂಟೆಗೆ ಮತ್ತೆ ಅದೇ ಪ್ರಶ್ನೆ, ಅದೇ ಅಕ್ಷರಗಳಲ್ಲಿ. ಇವರಿಂದಲೂ ಅದೇ ಉತ್ತರ. ಮೂರನೆಯ ದಿನವೂ. ಹಿಂದಕ್ಕೆ ಹೋಗಿ ನೋಡಿದರೆ ಹದಿನಾಲ್ಕು ತಿಂಗಳಿಂದ ಇದೇ ನಡೆದಿದೆ. ಇವರು ಫ್ಯಾಕ್ಟರಿಯ ಟೀ ಬ್ರೇಕಿನಲ್ಲಿ ಮೊಬೈಲ್ ಹಿಡಿದು, ದಿನಾ ಹೊಸದಾಗಿ 'ನಮಸ್ಕಾರ' ಎಂದು ಶುರು ಮಾಡಿ ಉತ್ತರ ಕೊಟ್ಟಿದ್ದಾರೆ.

"ಇವನಿಗೇನು ಹುಚ್ಚಾ?" ಅಂದೆ.

"ಇರ್ಲಿ, ಬರಿ."

ನಾಲ್ಕನೆಯ ದಿನ ಇವರಿಗೆ ನಿದ್ದೆ ಹತ್ತಿತ್ತು. ನನ್ನ ಅಂಗಡಿಯಲ್ಲಿ ನರ್ಸುಗಳ ಹದಿನೆಂಟು ಯೂನಿಫಾರ್ಮು ಕಾಜಾ ಬಟನ್ ಇಲ್ಲದೆ ಬಿದ್ದಿದ್ದವು. ಬೆಳಿಗ್ಗೆಯಿಂದ ಊಟ ತಿನ್ನಿಸಿ, ಕಣ್ಣಿಗೆ ಹನಿ ಹಾಕಿ, ಫೋರಂ ನೋಡಿ ತಲೆ ಚಿಟ್ಟು ಹಿಡಿದಿತ್ತು. ಮೂರು ಗಂಟೆಗೆ ನೀಲಿ ದಾರ ಬಂದ. ನಾನು ಬರೆದೆ: "ದಿನಾ ಇದನ್ನೇ ಕೇಳ್ತೀರಲ್ಲ, ನಿಮಗೆ ತಲೆ ಅನ್ನೋದು ಇದೆಯಾ? ಬೇರೆಯವರಿಗೂ ಕೆಲಸ ಇರುತ್ತೆ." ಬರೆದು, ಅವನು ಮತ್ತೆ ಬರೆಯದಂತೆ ಬ್ಲಾಕ್ ಮಾಡಿದೆ. ನಿಜ ಹೇಳಬೇಕೆಂದರೆ, ಆ ವಾರದಲ್ಲಿ ಮನಸ್ಸಿಗೆ ಹಾಯೆನಿಸಿದ್ದು ಅದೊಂದೇ ಗಳಿಗೆ.

ಐದನೆಯ ದಿನ ಇವರು ಕೇಳಿದರು. "ನೀಲಿ ದಾರ ಬರೆದಿಲ್ವಾ?"

"ಇಲ್ಲ."

ಆರನೆಯ ದಿನ ಮೂರರಿಂದ ಐದರೊಳಗೆ ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಇಲ್ಲ ಅಂದೆ. ಆಮೇಲೆ ಇವರು ಕೇಳುವುದು ಬಿಟ್ಟರು. ಒಳ್ಳೆಯದೇ ಆಯಿತು ಅಂದುಕೊಂಡೆ.

ಏಳನೆಯ ದಿನ ಮೂರು ಗಂಟೆ ಕಳೆದ ಮೇಲೆ ನಾನು ಯೂನಿಫಾರ್ಮು ಕೊಟ್ಟು ಬರಲು ಹೋದೆ. ಮುಕ್ಕಾಲು ಗಂಟೆ ಆಗಿರಬಹುದು. ಬಂದು ನೋಡಿದರೆ ಇವರು ಮಂಚದ ಅಂಚಿನಲ್ಲಿ ನೆಟ್ಟಗೆ ಕೂತಿದ್ದಾರೆ. ತಲೆ ಎತ್ತಿದೆ. ಎಡಗಣ್ಣಿಗೆ ಮುಚ್ಚಿದ ಪ್ಲಾಸ್ಟಿಕ್ ಚಿಪ್ಪು ಹಾಗೇ ಇದೆ. ಕೈಯಲ್ಲಿ ಫೋನು. ಪಕ್ಕದಲ್ಲಿ ಅತ್ತೆ ಹಳೇ ಡೈರಿಯನ್ನು ಮೂಗಿಗೆ ಹಿಡಿದು ನಂಬರ್ ಓದುತ್ತಿದ್ದಾರೆ. ಮೂರೋ ಎಂಟೋ ಅವರಿಗೆ ಗೊತ್ತಾಗುತ್ತಿಲ್ಲ. ಆಗಲೇ ಆರು ಮನೆಗಳಿಗೆ ರಾಂಗ್ ನಂಬರ್ ಹೋಗಿದೆ.

ಚಪ್ಪಲಿ ಬಿಡದೆ ಒಳಗೆ ಓಡಿದೆ. "ಎಷ್ಟು ಹೊತ್ತಾಯ್ತು ಎದ್ದು?"

"ನೀನು ಹೋದಾಗಿಂದ" ಅಂದರು ಅತ್ತೆ.

"ನೀಲಿ ದಾರ ಮೂರು ದಿನದಿಂದ ಬಂದಿಲ್ಲ" ಅಂದರು ಇವರು. "ಏನೋ ಆಗಿದೆ. ಹದಿನಾಲ್ಕು ತಿಂಗಳಲ್ಲಿ ಒಂದು ದಿನ ತಪ್ಪಿಸಿಲ್ಲ ಅವನು."

"ನಾನೇ ಬ್ಲಾಕ್ ಮಾಡಿದ್ದು. ಮಲಗಿ ಮೊದಲು."

ಇವರು ಬೈಯಲಿಲ್ಲ. ದಿಂಬು ಹುಡುಕಿ, ಹಣೆಯಿಟ್ಟು, ನೆಲಕ್ಕೆ ಹೇಳುವಂತೆ ಹೇಳಿದರು. ನೀಲಿ ದಾರ ಮೂವತ್ತು ವರ್ಷ ಟೈಲರ್ ಆಗಿದ್ದವನು. ಬಸ್ಸಿನಿಂದ ಬಿದ್ದು ತಲೆಗೆ ಪೆಟ್ಟಾಯಿತು. ಹಳೆಯದೆಲ್ಲ ನೆನಪಿದೆ, ಕತ್ತರಿ ಹಿಡಿದರೆ ಕೈ ತಾನೇ ಓಡುತ್ತದೆ. ನಿನ್ನೆ ನಡೆದದ್ದು ಮಾತ್ರ ಇವತ್ತು ಇರುವುದಿಲ್ಲ. ದಿನಾ ಊಟ ಮುಗಿಸಿ ಮಷಿನ್ ಮುಂದೆ ಕೂರುತ್ತಾನೆ, ಫುಟ್ ಎತ್ತದೆ ದಾರ ಹಾಕುತ್ತಾನೆ, ಗಂಟಾಗುತ್ತದೆ. ಹೆಂಡತಿ ಹೇಳಿದರೆ ಅವಮಾನ, ಕತ್ತರಿ ಎಸೆಯುತ್ತಾನೆ. ಹೆಸರು ಹೇಳದೆ ಕೇಳಬಹುದಾದ ಜಾಗ ಫೋರಂ ಒಂದೇ. ಉತ್ತರ ಬಂದರೆ ಸಂಜೆಯವರೆಗೆ ಹೊಲಿಯುತ್ತಾನೆ.

"ಅವನ ಹೆಂಡತಿ ಒಂದ್ಸಲ ಫೋನ್ ಮಾಡಿ ಇದೆಲ್ಲ ಹೇಳಿ, ಯಾರಿಗೂ ಹೇಳಬೇಡಿ ಅಂದಿದ್ರು. ಅದಕ್ಕೆ ನಿನಗೂ ಹೇಳಲಿಲ್ಲ" ಅಂದರು.

ತಲೆ ಅನ್ನೋದು ಇದೆಯಾ ಎಂದು ಕೇಳಿದ್ದೆ ನಾನು. ನನ್ನ ಮೇಲೇ ನನಗೆ ಅಸಹ್ಯವಾಯಿತು. ನನ್ನ ಸುಳ್ಳಿಗೆ ಇವರು ಮುಕ್ಕಾಲು ಗಂಟೆ ತಲೆ ಎತ್ತಿ ಕೂತಿದ್ದರು. ಇರುವ ಒಂದು ಕಣ್ಣೂ ಹೋದರೆ ಅದನ್ನು ಯಾರ ತಲೆಗೆ ಕಟ್ಟಲಿ?

ಡೈರಿ ನೋಡಿ ನಾನೇ ಫೋನ್ ಮಾಡಿದೆ. ಆಕೆ ಎತ್ತಿದರು. ಬರೆದದ್ದು ಗುರುಗಳಲ್ಲ, ಅವರ ಹೆಂಡತಿ ನಾನು, ತಪ್ಪಾಯಿತು, ಹೊಟ್ಟೆಗೆ ಹಾಕ್ಕೊಳ್ಳಿ ಅಂದೆ.

"ಅವರಿಗೆ ನೆನಪಿಲ್ಲಮ್ಮ" ಅಂದರು ಆಕೆ. "ಮರೆಯೋಕಾಗದೆ ಇರೋಳು ನಾನು."

ಉತ್ತರವಿಲ್ಲದೆ ಆಕೆಯ ಗಂಡ ಮಷಿನ್ನಿನಲ್ಲೇ ಏನೋ ಕೆಟ್ಟಿದೆ ಎಂದು ಮೂರು ದಿನವೂ ಒಂದಷ್ಟು ಬಿಚ್ಚಿದ್ದರಂತೆ. ಸ್ಕ್ರೂಗಳೆಲ್ಲ ಒಂದು ಸ್ಟೀಲ್ ಬಟ್ಟಲಿನಲ್ಲಿ ಇದ್ದವಂತೆ. ಕೊನೆಗೆ ಆಕೆ ಕೇಳಿದರು, "ನೀವ್ಯಾಕೆ ಬರೀತಿದ್ದೀರಿ? ಗುರುಗಳಿಗೆ ಏನಾಗಿದೆ?" ಏಳು ದಿನದಲ್ಲಿ ಆ ಪ್ರಶ್ನೆ ಕೇಳಿದವರು ಆಕೆಯೊಬ್ಬರೇ. ಎಲ್ಲ ಹೇಳಿದೆ. ಮಷಿನ್ ಜೋಡಿಸಲು ಫೋರಂನಲ್ಲಿ ಸಹಾಯ ಕೇಳಲೇ ಎಂದೆ. "ನಮ್ಮವರಿಗೆ ಏನಾಗಿದೆ ಅಂತ ಮಾತ್ರ ಬೇಡ" ಎಂದು ಊರಿನ ಹೆಸರು ಹೇಳಿದರು.

ನೀಲಿ ದಾರಕ್ಕೆ ಹಾಕಿದ್ದ ಬ್ಲಾಕ್ ತೆಗೆದು, ಇವರ ಒಪ್ಪಿಗೆ ಕೇಳದೆ ನಾನು ಫೋರಂನಲ್ಲಿ ಬರೆದೆ. "ನಾನು ನಿಮ್ಮ ಗುರುಗಳ ಹೆಂಡತಿ. ಅವರಿಗಿರುವ ಒಂದೇ ಕಣ್ಣಿಗೆ ಆಪರೇಷನ್ ಆಗಿದೆ. ಚುಕ್ಕೆ ಕಂಡ ದಿನವೇ ಡಾಕ್ಟರ ಹತ್ತಿರ ಹೋಗದೆ ನಿಮ್ಮ ಫೋರಂ ಗುಡಿಸುತ್ತಾ ಕೂತಿದ್ದರು. ನೀಲಿ ದಾರ ಅವರಿಗೆ ಬೈದದ್ದು ನಾನು, ತಪ್ಪು ನನ್ನದು. ಅವರು ಮೂರು ಗಂಟೆಗೆ ಕೇಳಿದರೆ ಉತ್ತರ ಕೊಡಿ. ಯಾಕೆ ಎಂದು ಕೇಳಬೇಡಿ." ಬಿಚ್ಚಿದ ಮಷಿನ್ ಜೋಡಿಸಲು ಆ ಊರಿನಲ್ಲಿ ಯಾರಾದರೂ ಇದ್ದೀರಾ ಎಂದೂ ಕೇಳಿದೆ.

ಹತ್ತು ನಿಮಿಷದಲ್ಲಿ ಅರವತ್ತು ಹೂವಿನ ಚಿತ್ರ ಬಂದವು. ಅದರ ನಡುವೆಯೇ ಒಬ್ಬಾಕೆ, "ಗುರುಗಳು ಬೇಗ ಹುಷಾರಾಗಲಿ. ಅಂದ ಹಾಗೆ ನನ್ನ ಮಷಿನ್ ಬೆಲ್ಟ್ ಜಾರುತ್ತಿದೆ" ಎಂದು ಬರೆದಳು. ಇವರಿಗೆ ಓದಿ ಹೇಳಿದೆ. "ಬೆಲ್ಟ್ ಒಂದು ಇಂಚು ಕತ್ತರಿಸೋಕೆ ಹೇಳು" ಅಂದರು. ಆದರೆ ಜಿಪ್ ಅಣ್ಣ, ಸೋಮಾರಿ ಎಂದಿದ್ದವನು, "ನಾನು ಅದೇ ಊರು, ನಾಳೆ ಬೆಳಿಗ್ಗೆ ಹೋಗುತ್ತೇನೆ" ಎಂದು ಬರೆದ. ಆಕೆಯನ್ನು ಕೇಳಿ ಅವನಿಗೆ ವಿಳಾಸ ಕೊಟ್ಟೆ. ಹೋದ. ಹನ್ನೆರಡಕ್ಕೆ ಮಷಿನ್ ಜೋಡಿಸಿದ ಫೋಟೋ ಹಾಕಿದ.

ಮೂರು ಗಂಟೆಗೆ ನೀಲಿ ದಾರ ಬಂದರು. ಗುರುಗಳೇ, ಬಟ್ಟೆ ಅಡಿಗೆ ದಾರ ಗಂಟು ಗಂಟಾಗ್ತಿದೆ. ನಾನು 'ನ' ಎಂದು ಒತ್ತುವಷ್ಟರಲ್ಲಿ ಉತ್ತರಗಳು ಬೀಳತೊಡಗಿದವು. ಎರಡು, ಏಳು, ಇಪ್ಪತ್ತೆರಡು. ಎಲ್ಲವೂ ಒಂದೇ. ನಮಸ್ಕಾರ. ಮೇಲಿನ ದಾರ ಪೂರ್ತಿ ಬಿಚ್ಚಿ. ಹದಿನಾಲ್ಕು ತಿಂಗಳಿಂದ ಎಲ್ಲರೂ ಓದುತ್ತಲೇ ಇದ್ದರು. ಎಲ್ಲರಿಗೂ ಬಾಯಿಪಾಠವಾಗಿತ್ತು. ಒಬ್ಬರೂ ಇವರ ಬದಲು ಒಂದು ದಿನ ಬರೆದಿರಲಿಲ್ಲ, ಅಷ್ಟೇ.

ಹತ್ತನೆಯ ದಿನ ಡಾಕ್ಟರಮ್ಮ ನೋಡಿದರು. ಪೊರೆ ಹಿಡಿದುಕೊಂಡಿದೆ ಅಂದರು. "ಒಂದು ಕಡೆ ಸ್ವಲ್ಪ ಸುಕ್ಕು ಇದೆ. ನೇರ ಇರೋದು ಡೊಂಕಾಗಿ ಕಾಣಬಹುದು." ತಲೆ ಎತ್ತಿ ಕೂತದ್ದರಿಂದ ಹೀಗಾಯಿತೇ ಎಂದು ನಾನು ಕೇಳಿದೆ. ಹೇಳೋಕಾಗಲ್ಲ ಅಂದರು. ಅದನ್ನು ನಾನು ಹೊತ್ತುಕೊಂಡೇ ಇರಬೇಕು.

ಎರಡು ತಿಂಗಳ ಮೇಲೆ, ಗುಳ್ಳೆ ಪೂರ್ತಿ ಕರಗಿದ ನಂತರ, ಇವರು ಕಂಪ್ಯೂಟರ್ ಮುಂದೆ ಕೂತು ಅಕ್ಷರ ದೊಡ್ಡದು ಮಾಡಿಕೊಂಡು ಆ ದಿನಗಳದ್ದೆಲ್ಲ ಓದಿದರು. ನಾನು ಬೈದದ್ದನ್ನು ಅಳಿಸಿರಲಿಲ್ಲ. ಅಲ್ಲಿಗೆ ಬಂದು ಅದನ್ನು ಎರಡು ಸಲ ಓದಿದರು. ನಾನು ತಲೆ ಎತ್ತದೆ ಅಂಚು ಮಡಿಸುತ್ತಿದ್ದೆ.

"ಇಷ್ಟೆಲ್ಲ ಬರೆದಿದ್ದೀಯ, ಫುಟ್ ಎತ್ತೋದು ಮಾತ್ರ ಹೇಳಿಲ್ಲ" ಅಂದರು.

ಅಷ್ಟರಲ್ಲಿ ಮೂರಾಯಿತು. ನೀಲಿ ದಾರ ಕೇಳಿದರು. ಇವರು ಬೆರಳು ಕೀಲಿಗಳ ಮೇಲಿಟ್ಟರು. ಆದರೆ ಅಕ್ಷರ ಹುಡುಕುವಷ್ಟರಲ್ಲಿ ಬೇರೆಯವರ ಒಂಬತ್ತು ಉತ್ತರ ಬಂದುಬಿಟ್ಟಿದ್ದವು. ಇವರ ಮುಖ ಸಪ್ಪಗಾಯಿತು.

"ನಾನಿಲ್ಲದಿದ್ರೂ ನಡೆಯುತ್ತೆ ಇವರಿಗೆ."

"ನನಗೆ ನಡೆಯಲ್ಲ" ಅಂದೆ. "ಬನ್ನಿ ಇಲ್ಲಿ, ಈ ಮಷಿನ್ ಸೂಜಿಗೆ ದಾರ ಹಾಕಿಕೊಡಿ."

ಬಂದು ಕೂತರು. ಫುಟ್ ಎತ್ತಿದೆಯೇ ಎಂದು ಮೊದಲು ಬೆರಳಿನಿಂದ ಮುಟ್ಟಿ ನೋಡಿದರು. ದಾರದ ತುದಿಯನ್ನು ತುಟಿಯಲ್ಲಿ ಒದ್ದೆ ಮಾಡಿ ಸೂಜಿಯ ಹತ್ತಿರ ತಂದರು. ಎಡಕ್ಕೆ ತಪ್ಪಿತು. ಮತ್ತೆ ತಂದರು. ಮತ್ತೆ ಎಡಕ್ಕೆ. ಇನ್ನೂ ಸ್ವಲ್ಪ ಬಲಕ್ಕೆ ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡಿದ್ದೆ. ಇವರು ತಲೆಯನ್ನು ಒಂಚೂರು ವಾರೆ ಮಾಡಿ ಮೂರನೆಯ ಸಲ ತಂದರು. ದಾರ ಹೋಯಿತು.

ಆಪರೇಷನ್ ದಿನವೂ ಬಾರದಿದ್ದ ಅಳು ನನಗೆ ಆಗ ಬಂತು.

"ಈಗೇನಾಯ್ತು?" ಅಂದರು.

"ಏನಿಲ್ಲ, ಎದ್ದೇಳಿ" ಅಂದೆ. "ನಾನು ಹೊಲೀಬೇಕು."